ಕೋಲು ಯಾರ ಕೈಯಲ್ಲಿ?

ಹಳೇ ಮೈಸೂರಿನ ಕಡೆ ದೇವಸ್ಥಾನಗಳ ಹಾಸುಗಲ್ಲಿನ ಮೇಲೆ ಕೊರೆದ ಆಡು-ಹುಲಿ ಆಟದ ಗೆರೆಗಳು ಇನ್ನೂ ಅಲ್ಲಲ್ಲಿ ಕಾಣಸಿಗುತ್ತವೆ. ಮೇಲೆ ಒಂದು ತುದಿಯಲ್ಲಿ ಕೂಡಿ ಕೆಳಕ್ಕೆ ಹರಡುವ ಆ ಗೆರೆಗಳು ಬೆಟ್ಟವೊಂದನ್ನು ಎದುರಿಂದ ನೋಡಿದಂತಿರುತ್ತವೆ. ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದವರಿಗೆ ಅದು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಂತೆ ಕಂಡರೂ ಕಂಡೀತು. 3 ಹುಲಿ, 15 ಆಡು. ಹುಲಿಗೆ ಹಾರಿ ಹೊಡೆಯುವ ಹಕ್ಕಿದೆ, ಆಡಿಗೆ ಒಂದು ಮನೆ ಸರಿಯುವ ಹಕ್ಕು ಮಾತ್ರ. ಆದರೂ ಆಡುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಹುಲಿಗೆ ದಾರಿಯೇ ಉಳಿಯುವುದಿಲ್ಲ. ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವವರಿಗೆ ಇದು ಸಿದ್ಧ ಉದಾಹರಣೆ. ಆದರೆ ಭಾಷಣದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತದೆ. 15 ಆಡುಗಳನ್ನೂ ನಡೆಸುವುದು ಒಂದೇ ಕೈ. ಯಾವ ಆಡನ್ನು ಹುಲಿಯ ಬಾಯಿಗೆ ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಆ ಕೈ ಒಬ್ಬಂಟಿಯಾಗಿ ತೀರ್ಮಾನಿಸುತ್ತದೆ. ಬಲಿಯಾಗುವ ಆಡನ್ನು ಯಾರೂ ಕೇಳುವುದಿಲ್ಲ. ಒಂದೊಂದು ಆಡಿಗೂ ಒಂದೊಂದು ಕೈ ಕೊಟ್ಟು ನೋಡಿ, ಆಟ ಅಲ್ಲಿಂದಾಚೆಗೆ ಬೇರೆಯದೇ ಆಗಿಬಿಡುತ್ತದೆ. ಜಗಳ, ಚೌಕಾಸಿ, ಮುನಿಸು, ‘ಮೊದಲು ನೀನು ಮುಂದೆ ಹೋಗು’ ಎಂಬ ಮಾತು ಎಲ್ಲವೂ ಶುರುವಾಗುತ್ತವೆ. ಸಮಾಜ ಎನ್ನುವುದು ಇದನ್ನೇ.

ನಮ್ಮ ಹಳೆಯ ಮಣೆ ಆಟಗಳಲ್ಲಿ ಆದರ್ಶದ ಕಲ್ಪನೆ ಇಲ್ಲವೆಂದಲ್ಲ. ಪರಮಪದ ಸೋಪಾನ ಪಟ ಇಡೀ ನೀತಿಶಾಸ್ತ್ರವನ್ನು ಏಣಿ ಮತ್ತು ಹಾವುಗಳಲ್ಲಿ ಬಿಡಿಸಿಟ್ಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗಾಗಿಯೇ ಕೌತುಕನಿಧಿ ಎಂಬ ಭಾಗವನ್ನು ಮೀಸಲಿಟ್ಟರು. ಆದರೆ ಪರಮಪದದಲ್ಲಿ ವೈಕುಂಠ ಸೇರುವುದು ಒಬ್ಬೊಬ್ಬರೇ, ಅದೂ ದಾಳ ಬಿದ್ದ ಹಾಗೆ. ಪಕ್ಕದವನು ಹಾವಿನ ಬಾಯಿಗೆ ಬಿದ್ದರೆ ಕೈಹಿಡಿದು ಎತ್ತುವ ನಿಯಮ ಅಲ್ಲಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಹರಡಿಕೊಂಡು ಕೂರುವ ‘ಬಿಸಿನೆಸ್’ ಆಟದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದರ ಮೂಲಪುರುಷ ‘ಮೊನಾಪಲಿ’. ಅದಕ್ಕೂ ಮೂಲ, ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ‘ಜಮೀನ್ದಾರನ ಆಟ’. ಭೂಮಿಯ ಬೆಲೆ ಏರಿದಾಗ ಬರುವ ಲಾಭ ಸಮಾಜಕ್ಕೆ ಸೇರಬೇಕು ಎಂದು ವಾದಿಸಿದ ಹೆನ್ರಿ ಜಾರ್ಜ್‌ನ ಅನುಯಾಯಿ ಆಕೆ. ಒಂದೇ ಮಣೆಗೆ ಎರಡು ಬಗೆಯ ನಿಯಮ ಬರೆದಿದ್ದಳು: ಒಂದರಲ್ಲಿ ಒಬ್ಬ ಎಲ್ಲರನ್ನೂ ದಿವಾಳಿ ಎಬ್ಬಿಸಿ ಗೆಲ್ಲುತ್ತಾನೆ, ಇನ್ನೊಂದರಲ್ಲಿ ಸಂಪತ್ತು ಹೆಚ್ಚಿದಂತೆ ಎಲ್ಲರಿಗೂ ಪಾಲು ಸಿಗುತ್ತದೆ. ಎರಡನ್ನೂ ಆಡಿಸಿ ವ್ಯತ್ಯಾಸವನ್ನು ಆಟಗಾರರೇ ಕಂಡುಕೊಳ್ಳಲಿ ಎಂಬುದು ಆಕೆಯ ಲೆಕ್ಕಾಚಾರ. 1935ರಲ್ಲಿ ದೊಡ್ಡ ಕಂಪನಿಯ ಕೈಸೇರಿ ಮನೆಮನೆಗೆ ಹೋದದ್ದು ಮೊದಲ ನಿಯಮದ ಆಟ ಮಾತ್ರ.

ಈಚಿನ ದಶಕಗಳಲ್ಲಿ ಎದುರಾಳಿಯೇ ಇಲ್ಲದ, ಎಲ್ಲರೂ ಒಂದೇ ಪಕ್ಷವಾಗಿ ಆಡುವ ಮಣೆ ಆಟಗಳು ಹೊರದೇಶಗಳಲ್ಲಿ ಬಹಳ ಬಂದಿವೆ. 2008ರ ‘ಪ್ಯಾಂಡೆಮಿಕ್’ನಲ್ಲಿ ಆಟಗಾರರೆಲ್ಲ ಸೇರಿ ಜಗತ್ತಿಗೆ ಹಬ್ಬುವ ರೋಗಗಳನ್ನು ತಡೆಯುತ್ತಾರೆ. 2013ರಲ್ಲಿ ಬಂದ ‘ದ ಕ್ವಯಟ್ ಇಯರ್’ನಲ್ಲಿ ನಾಗರಿಕತೆ ಕುಸಿದ ಮೇಲೆ ಉಳಿದ ಒಂದು ಪುಟ್ಟ ಊರನ್ನು ಎರಡರಿಂದ ನಾಲ್ಕು ಜನ ಕಾಗದದ ಮೇಲೆ ಚಿತ್ರ ಬಿಡಿಸುತ್ತ ಕಟ್ಟುತ್ತಾರೆ; ಒಂದು ಇಸ್ಪೀಟು ಎಲೆ ಎಂದರೆ ಒಂದು ವಾರ, 52 ಎಲೆಗೆ ವರ್ಷ. ಆದರ್ಶ ಸಮಾಜವನ್ನು ಮೇಜಿನ ಮೇಲೆ ಕೂಡಿ ಕಟ್ಟುವ ಇಂಥ ಆಟಗಳನ್ನು ಕಂಡು, ಇವು ಪಟ್ಟಣದ ಕಾಫಿ ಅಂಗಡಿಯಲ್ಲಿ ಹೊತ್ತು ಕಳೆಯುವವರ ಹವ್ಯಾಸ, ಪಿರಿಯಾಪಟ್ಟಣಕ್ಕೂ ಎಚ್.ಡಿ. ಕೋಟೆಗೂ ಇವುಗಳಿಂದ ಆಗಬೇಕಾದ್ದೇನು ಎನ್ನುವವರಿದ್ದಾರೆ. ಈ ಲೇಖನದ ವಾದ ಅದಕ್ಕೆ ತಿರುಗುಮುರುಗು. ಈ ಆಟ ಮೇಜನ್ನು ಹತ್ತುವ ಎಷ್ಟೋ ವರ್ಷ ಮೊದಲೇ ನಮ್ಮ ಹಳ್ಳಿಗಳ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಡೆದಿದೆ. ಅದು ಏಕೆ ಮುಖ್ಯವಾಗಿತ್ತು, ಆಮೇಲೆ ಏಕೆ ಸಪ್ಪೆಯಾಯಿತು ಎಂದು ನೋಡಿದರೆ ಇಂಥ ಆಟದ ಜೀವ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಚಿತ್ರ ಎಷ್ಟು ಸುಂದರ ಎಂಬುದರಲ್ಲಿ ಅದಿಲ್ಲ. ಗೆರೆ ಎಳೆಯುವ ಕೋಲು ಯಾರ ಕೈಯಲ್ಲಿದೆ, ಎಳೆದ ಗೆರೆಯನ್ನು ಅಳಿಸುವ ಹಕ್ಕು ಯಾರಿಗಿದೆ ಎಂಬುದರಲ್ಲಿದೆ.

ಶುರು ಮಾಡಬೇಕಾದ್ದು ಬೈಲುಕುಪ್ಪೆಯಿಂದ. ಟಿಬೆಟ್ ಬಿಟ್ಟು ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು ಮೊದಲ ನೆಲೆ ಎದ್ದಿತು. 1969ರಲ್ಲಿ ಪಕ್ಕದಲ್ಲೇ ಎರಡನೆಯ ನೆಲೆ, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಇನ್ನೊಂದು. ಸಾಲು ಮನೆಗಳ ಕ್ಯಾಂಪುಗಳು, ಹಂಚಿಕೊಟ್ಟ ಹೊಲ, ಸಹಕಾರ ಸಂಘ, ಶಾಲೆ, ಆಸ್ಪತ್ರೆ: ಬರಿಯ ನೆಲದ ಮೇಲೆ ಹೊಸದಾಗಿ ಒಂದು ಸಮಾಜವನ್ನು ನಿಲ್ಲಿಸುವ ಕೆಲಸ ಅದು. ಅದರ ನಕ್ಷೆ ಕಚೇರಿಗಳಲ್ಲಿ ಸಿದ್ಧವಾಗಿ ನೆಲಕ್ಕೆ ಇಳಿಯಿತು. ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ಬಂದವರಿಗೆ ಈ ಮಣ್ಣು, ಈ ಮಳೆ ಎಲ್ಲವೂ ಹೊಸದು. ಈ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ‘ಮೈರಾಡ’, ಬಿಡಿಸಿ ಹೇಳಿದರೆ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಟಿಬೆಟನ್ನರ ಕೆಲಸ ಮುಗಿಯುತ್ತ ಬಂದಂತೆ ಅದು ಸುತ್ತಲಿನ ಬಡವರ ಕಡೆ ತಿರುಗಿತು, ಎಚ್.ಡಿ. ಕೋಟೆ ತಾಲ್ಲೂಕೂ ಅದರ ಕಾರ್ಯಕ್ಷೇತ್ರವಾಯಿತು. 1980ರ ದಶಕದ ನಡುವಿನಲ್ಲಿ, ಒಡೆದುಹೋದ ದೊಡ್ಡ ಸಹಕಾರ ಸಂಘಗಳಿಂದ ಹೊರಬಂದ ಸಣ್ಣ ಸಣ್ಣ ಗುಂಪುಗಳು ತಮ್ಮ ಹಣ ತಾವೇ ನೋಡಿಕೊಳ್ಳುತ್ತೇವೆಂದಾಗ ಅದಕ್ಕೆ ಬೆನ್ನು ಕೊಟ್ಟಿತು. ಇವತ್ತು ಊರೂರಲ್ಲಿರುವ ಸ್ವಸಹಾಯ ಸಂಘಗಳ ಮೂಲಗಳಲ್ಲಿ ಅದೊಂದು. ಇಲ್ಲಿಗೆ ಮುಖ್ಯವಾದದ್ದು ಅದರ ಮುಂದಿನ ಹೆಜ್ಜೆ. 1989ರಿಂದ ಮೈರಾಡ ತನ್ನ ಕೆಲಸದ ಊರುಗಳಲ್ಲಿ, ನಕ್ಷೆ ಬರೆಯುವ ಕೋಲನ್ನು ಹಳ್ಳಿಯವರ ಕೈಗೇ ಕೊಡುವ ಕ್ರಮವನ್ನು ಹಿಡಿಯಿತು. ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಆ ವರ್ಷಗಳಲ್ಲಿ ಭಾರತದಲ್ಲಿದ್ದು ಈ ಪ್ರಯೋಗಗಳನ್ನು ಜಗತ್ತಿಗೆ ಪರಿಚಯಿಸಿದರು. ‘ಕೋಲು ಹಸ್ತಾಂತರ’ ಎಂಬ ಕಲ್ಪನೆಯೂ ಅವರಿಂದಲೇ ಹೆಸರಾಯಿತು. ಮುಂದೆ ಇದಕ್ಕೆ ‘ಸಹಭಾಗಿ ಗ್ರಾಮೀಣ ಸಮೀಕ್ಷೆ’ ಎಂಬ ಭಾರವಾದ ಹೆಸರು ಬಂತು. ಹಳ್ಳಿಗಳಲ್ಲಿ ಪಿ.ಆರ್.ಎ. ಎಂದರೆ ಸಾಕು.

ಅದು ನಡೆಯುತ್ತಿದ್ದ ರೀತಿ ಹೀಗೆ. ಅರಳೀಕಟ್ಟೆಯ ಮುಂದೆಯೋ ಶಾಲೆಯ ಅಂಗಳದಲ್ಲೋ ಒಂದಿಷ್ಟು ಜಾಗ ಗುಡಿಸಿ ನೀರು ಚಿಮುಕಿಸುತ್ತಾರೆ. ಮೊದಲ ಗೆರೆ ಸಾಮಾನ್ಯವಾಗಿ ರಸ್ತೆಯದು, ಇಲ್ಲವೇ ದೇವಸ್ಥಾನದ್ದು. ರಂಗೋಲಿ ಪುಡಿಯಲ್ಲಿ ಬೀದಿ, ಇಟ್ಟಿಗೆ ಪುಡಿಯಲ್ಲಿ ಮನೆ, ಬೂದಿಯಲ್ಲಿ ಕೆರೆ ಏರಿ, ಸೊಪ್ಪಿನಲ್ಲಿ ಗುಂಡುತೋಪು ಮತ್ತು ಗೋಮಾಳ, ಕಲ್ಲಿನಲ್ಲಿ ಬಾವಿ. ಒಬ್ಬರು ಇಟ್ಟ ಕಲ್ಲನ್ನು ಇನ್ನೊಬ್ಬರು ‘ಅಲ್ಲಲ್ಲ, ಬೋರ್‌ವೆಲ್ ಆ ಕಡೆ’ ಎಂದು ಸರಿಸುತ್ತಾರೆ. ಊರು ಬಿದ್ದಮೇಲೆ ಬೀಜಗಳ ಸರದಿ. ಹುಣಸೆ ಬೀಜ, ಹುರುಳಿ, ಅವರೆ ಯಾವುದಾದರೂ ಸರಿ. ಎಷ್ಟು ಎಂದು ಎಣಿಸಿ ಕೊಡುತ್ತಾರೆ. ಕುಡಿಯುವ ನೀರಿಗೆಷ್ಟು, ಚರಂಡಿಗೆಷ್ಟು, ಕೆರೆ ಹೂಳಿಗೆಷ್ಟು ಎಂದು ಹಂಚಬೇಕು; ಒಂದಕ್ಕೆ ಹೆಚ್ಚು ಇಟ್ಟರೆ ಇನ್ನೊಂದರಿಂದ ತೆಗೆಯಲೇಬೇಕು. ಮನೆಗಳ ಹೆಸರು ಬರೆದ ಚೀಟಿಗಳನ್ನು ಕೈಗೆ ಕೊಟ್ಟು, ಇದ್ದವರು, ಇಲ್ಲದವರು, ಏನೇನೂ ಇಲ್ಲದವರು ಎಂದು ಊರವರಿಂದಲೇ ಗುಡ್ಡೆ ಮಾಡಿಸುವುದೂ ಉಂಟು. ಬಡವರ ಪಟ್ಟಿಯನ್ನು ಗುಮಾಸ್ತರ ಬದಲು ಊರೇ ತಯಾರಿಸುವ ಉಪಾಯ ಇದು. ನಾಲ್ಕೂ ಕಡೆಯಿಂದ ಜನ ಬಗ್ಗಿ ನೋಡುವ ಚಿತ್ರಕ್ಕೆ ಮೇಲು-ಕೆಳಗು ಎಂಬುದಿರುವುದಿಲ್ಲ. ಓದು ಬರಹ ಬಾರದವರು ಪೆನ್ನು ಹಿಡಿಯಲು ಹಿಂಜರಿದಾರು. ರಂಗೋಲಿ ಹಾಕುವ ಹೆಂಗಸಿನ ಬೆರಳಿಗೆ ಯಾವ ಹಿಂಜರಿಕೆ?

ಇದನ್ನು ಆಟ ಎಂದು ಕರೆದರೆ ಹಗುರ ಮಾಡಿದಂತಲ್ಲವೇ ಎನ್ನಬಹುದು. ನನಗೆ ಹಾಗನಿಸುವುದಿಲ್ಲ. ಆಟಕ್ಕೆ ಬೇಕಾದ್ದೆಲ್ಲ ಇಲ್ಲಿದೆ: ಎಣಿಸಿ ಕೊಟ್ಟ ಕಾಯಿಗಳು, ಎಲ್ಲರಿಗೂ ಒಂದೇ ನಿಯಮ, ಸರದಿ, ಸೋಲಿನ ಭಯವಿಲ್ಲದೆ ತಪ್ಪಿ ನೋಡುವ ಸ್ವಾತಂತ್ರ್ಯ. ಎಣಿಸಿ ಕೊಟ್ಟ ಬೀಜವೇ ಇದರ ಜೀವಾಳ. ಕನಸಿನ ಊರನ್ನು ಬರೆಯಿರಿ ಎಂದರೆ ಎಲ್ಲರೂ ಎಲ್ಲವನ್ನೂ ಬರೆಯುತ್ತಾರೆ. ಅಂಥ ಚಿತ್ರ ಶಾಲಾ ಮಕ್ಕಳ ಸ್ಪರ್ಧೆಗೆ ಸರಿ. ಬೀಜ ಹತ್ತೇ ಎಂದಾಗ ನಿಮ್ಮ ಆದರ್ಶದ ಬೆಲೆಯನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಕಣ್ಣೆದುರಿಗೇ ಬಂದು ಕೂರುತ್ತದೆ.

ಹಾಗಾದರೆ ಎಲ್ಲರೂ ಕೂಡಿ ಕೈಹಚ್ಚಿದರೆ ಸಾಕೇ? ಸಾಲದು. ಇದಕ್ಕೆ ಪುರಾವೆಯೂ ಇದೇ ಸೀಮೆಯಲ್ಲಿದೆ. ಗುರುಪುರದ ಗ್ಯುಮೆ ತಾಂತ್ರಿಕ ಮಠದ ಪರಂಪರೆಯ ಭಿಕ್ಷುಗಳು ಬಣ್ಣದ ಮರಳಿನ ಮಂಡಲ ಬಿಡಿಸುವುದರಲ್ಲಿ ಹೆಸರಾದವರು. ಹಲವರು ಹಲಗೆಯ ಸುತ್ತ ಕೂತು, ಕಿರಿದಾದ ಲೋಹದ ಕೊಳವೆಯಿಂದ ಹರಳು ಹರಳಾಗಿ ಮರಳು ಸುರಿಸಿ, ದಿನಗಟ್ಟಲೆ ಶ್ರಮಿಸಿ ದೇವತೆಯ ಅರಮನೆಯನ್ನು ಕಟ್ಟುತ್ತಾರೆ. ವಿಧಿ ಮುಗಿದ ಮೇಲೆ ಅದನ್ನು ಕಲಸಿ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ನಾಲ್ಕು ಬಾಗಿಲು, ಕೋಟೆ, ನಡುವೆ ಗರ್ಭ. ನೋಟಕ್ಕೆ ಅದು ಪರಿಪೂರ್ಣ ಊರು. ಸಹಕಾರದ ವಿಷಯದಲ್ಲಿ ಅದನ್ನು ಮೀರಿಸುವಂಥದ್ದು ಬೇರೆ ಸಿಗುವುದು ಕಷ್ಟ. ಆದರೆ ಅಲ್ಲಿ ಪ್ರತಿ ಗೆರೆಯ ಅಳತೆ ಶಾಸ್ತ್ರದಲ್ಲಿ ಮೊದಲೇ ನಿಗದಿಯಾಗಿದೆ. ಬಾಗಿಲು ಪೂರ್ವಕ್ಕೆ ಬೇಡ, ಈಶಾನ್ಯಕ್ಕಿರಲಿ ಎಂದು ಯಾವ ಭಿಕ್ಷುವೂ ಹೇಳುವಂತಿಲ್ಲ, ಹೇಳಬೇಕಾದ್ದೂ ಇಲ್ಲ. ಅದು ಉಪಾಸನೆ, ಊರ ಯೋಜನೆಯಲ್ಲ. ಊರಿನ ರಂಗೋಲಿ ನಕ್ಷೆಯೂ ಸಂಜೆಗೆ ಅಳಿಸಿಹೋಗುವಂಥದ್ದೇ. ಆದರೆ ಅದು ಬದುಕುವುದು ಭಿನ್ನಾಭಿಪ್ರಾಯದ ಮೇಲೆ. ಕೂಡಿ ಮಾಡುವುದು ಬೇರೆ, ಕೂಡಿ ತೀರ್ಮಾನಿಸುವುದು ಬೇರೆ. ಆದರ್ಶದ ನಕ್ಷೆಯನ್ನು ಮೊದಲೇ ಬರೆದಿಟ್ಟು ಜನರನ್ನು ‘ಸಹಭಾಗಿ’ಗಳಾಗಲು ಕರೆಯುವ ಯೋಜನೆಗಳು ಮಂಡಲದ ಶಿಸ್ತನ್ನು ಬಯಸುತ್ತವೆ, ಆದರೆ ಮಂಡಲದ ಭಕ್ತಿ ಅವುಗಳಿಗೆ ಸಿಗುವುದಿಲ್ಲ.

ಭಿನ್ನಾಭಿಪ್ರಾಯದ ಮಾತು ಬಂದಾಗ ಇಡೀ ಕ್ರಮದ ಮೇಲಿರುವ ಗಟ್ಟಿಯಾದ ಆಕ್ಷೇಪಕ್ಕೆ ಬರಬೇಕು. ಅರಳೀಕಟ್ಟೆಯ ಮುಂದೆ ಕೋಲು ಕೊಟ್ಟರೆ ಅದು ಸೇರುವುದು ಯಜಮಾನರ ಕೈಗೇ ಅಲ್ಲವೇ? ಡೇವಿಡ್ ಮೋಸ್ ಎಂಬ ಮಾನವಶಾಸ್ತ್ರಜ್ಞ ಪಶ್ಚಿಮ ಭಾರತದ ಆದಿವಾಸಿ ಪ್ರದೇಶದ ಕೃಷಿ ಯೋಜನೆಯೊಂದರ ಅನುಭವದಿಂದ 1994ರಲ್ಲೇ ಇದನ್ನು ಬರೆದರು: ಬಹಿರಂಗ ಜಾಗದಲ್ಲಿ, ಹೊರಗಿನವರ ಎದುರು ನಡೆಯುವ ಇಂಥ ಸಭೆಯಲ್ಲಿ ಊರಿನ ಬಲಾಢ್ಯರ ಮಾತೇ ಊರಿನ ಮಾತಾಗಿ ದಾಖಲಾಗುತ್ತದೆ, ಹೆಂಗಸರ ತಿಳಿವಳಿಕೆ ಆ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. 2001ರಲ್ಲಿ ಸಹಭಾಗಿತ್ವವನ್ನೇ ‘ಹೊಸ ದಬ್ಬಾಳಿಕೆ’ಯೇ ಎಂದು ಕೇಳುವ ಲೇಖನಗಳ ಸಂಪುಟವೂ ಬಂತು. ಆಕ್ಷೇಪ ಸುಳ್ಳಲ್ಲ. ದಲಿತರ ಕೇರಿ ಅಂಗಳದ ಅಂಚಿಗೆ ಬಿದ್ದು, ಅಲ್ಲಿನ ಮನೆಗಳಿಗೆ ಇಟ್ಟಿಗೆ ಪುಡಿ ಸಾಲದೆ ಹೋಗುವ ನಕ್ಷೆ ಊಹಿಸಲು ಕಷ್ಟವೇ? ಆದರೆ ಮೌನವಾಗಿ ನಡೆಯುವ ಹೊರಗಿಡುವಿಕೆಗೂ ನೆಲದ ಮೇಲೆ ಗೆರೆಯಾಗಿ ಕಾಣುವ ಹೊರಗಿಡುವಿಕೆಗೂ ವ್ಯತ್ಯಾಸವಿದೆ. ಕಂಡದ್ದರ ಕಡೆ ಬೆರಳು ತೋರಿಸಬಹುದು. ಕೆಲಸ ಬಲ್ಲವರು ಗಂಡಸರಿಂದ ಒಂದು, ಹೆಂಗಸರಿಂದ ಒಂದು, ಕೇರಿಯವರಿಂದ ಒಂದು ನಕ್ಷೆ ಬೇರೆ ಬೇರೆ ಬರೆಸಿ ಅಕ್ಕಪಕ್ಕ ಇಡಿಸುವುದು ಇದಕ್ಕೇ. ಗಂಡಸರ ನಕ್ಷೆಯಲ್ಲಿ ಕಾಣದ ಸೌದೆ ತರುವ ಕಾಲುದಾರಿ ಹೆಂಗಸರ ನಕ್ಷೆಯಲ್ಲಿ ದಪ್ಪ ಗೆರೆಯಾಗಿ ಕಂಡರೆ, ಆ ಅಂತರವೇ ಸಮೀಕ್ಷೆಯ ನಿಜವಾದ ಫಲಿತಾಂಶ. ‘ದ ಕ್ವಯಟ್ ಇಯರ್’ ಆಟದಲ್ಲಿ ಒಂದು ಜಾಣ ನಿಯಮವಿದೆ. ತನ್ನನ್ನು ಕೇಳದೆ ಊರಿನ ಬಗ್ಗೆ ತೀರ್ಮಾನವಾಯಿತು ಅನ್ನಿಸಿದವರು ನಡುವಿನ ರಾಶಿಯಿಂದ ಒಂದು ಬಿಲ್ಲೆ ಎತ್ತಿ ತಮ್ಮ ಮುಂದೆ ಇಟ್ಟುಕೊಳ್ಳುತ್ತಾರೆ, ಅಸಮಾಧಾನದ ಬಿಲ್ಲೆ. ಅದರಿಂದ ತೀರ್ಮಾನ ಬದಲಾಗುವುದಿಲ್ಲ. ಆದರೆ ಅದು ಎಲ್ಲರ ಕಣ್ಣಿಗೆ ಬೀಳುತ್ತ ಕೂತಿರುತ್ತದೆ. ನಮ್ಮ ಗ್ರಾಮಸಭೆಗಳ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂಬ ಪದ ಬರೆಯುವ ಮುನ್ನ ಅಂಥ ಬಿಲ್ಲೆಗಳನ್ನು ಎಣಿಸುವಂತಿದ್ದರೆ!

ಎರಡನೆಯ ಆಕ್ಷೇಪ ಇನ್ನೂ ನೇರ: ಆಡಿ ಆಗುವುದೇನು? ಇದಕ್ಕೆ ತಕ್ಕಮಟ್ಟಿನ ಸಾಕ್ಷ್ಯವಿದೆ. ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅಂತರ್ಜಲದ ಆಟವೊಂದನ್ನು ಸಂಶೋಧಕರು ಆಡಿಸಿದರು. ಐದೈದು ಜನರ ಗುಂಪು. ಪ್ರತಿ ಸುತ್ತಿನಲ್ಲೂ ಕಡಿಮೆ ನೀರಿನ, ಕಡಿಮೆ ಆದಾಯದ ಬೆಳೆಯೋ ಹೆಚ್ಚು ನೀರಿನ, ಹೆಚ್ಚು ಆದಾಯದ ಬೆಳೆಯೋ ಆರಿಸಬೇಕು. ಎಲ್ಲರೂ ಎರಡನೆಯದಕ್ಕೆ ಕೈಹಾಕಿದರೆ ನೀರು ಪಾತಾಳ. ಮೊದಲು ಮಾತಿಲ್ಲದೆ ಆಡಿಸಿ, ಆಮೇಲೆ ಮಾತಾಡಿಕೊಳ್ಳಲು ಬಿಟ್ಟು, ಕೊನೆಗೆ ಊರವರೆಲ್ಲ ಕೂತು ಚರ್ಚಿಸಿದರು. ಒಂದು ವರ್ಷದ ನಂತರ ನೋಡಿದರೆ, ಅದೇ ನೀರಿನ ಕಾರ್ಯಕ್ರಮದಲ್ಲಿದ್ದೂ ಆಟ ಆಡದ ಊರುಗಳಿಗಿಂತ ಆಟ ಆಡಿದ ಊರುಗಳು ಹೆಚ್ಚಿನ ಪ್ರಮಾಣದಲ್ಲಿ ನೀರಿನ ಲೆಕ್ಕದ ಪುಸ್ತಕ ಇಟ್ಟಿದ್ದವು, ನಿಯಮ ಮಾಡಿಕೊಂಡಿದ್ದವು. 2018ರಲ್ಲಿ ಇದನ್ನು ಪ್ರಕಟಿಸಿದವರು, ಆಟ ಒಂದರಿಂದಲೇ ಅಂತರ್ಜಲದ ಕುಸಿತ ನಿಲ್ಲದು ಎಂದೂ ಸೇರಿಸಿದ್ದಾರೆ. ಆ ವಿನಯ ಸರಿಯಾದದ್ದೇ. ಆದರೂ ಪುಸ್ತಕ ಇಡುವುದು ಸಣ್ಣ ಸಂಗತಿಯಲ್ಲ. ಯಾರ ಬೋರ್‌ವೆಲ್ ಎಷ್ಟು ಎಳೆಯುತ್ತದೆ ಎಂಬುದು ಊರಿನ ವಿಷಯವಾದದ್ದು ಅಲ್ಲಿಂದ. ಊರಿನ ಸಾಮಾನ್ಯ ಸಂಪತ್ತುಗಳ ಬಗ್ಗೆ ಜೀವಮಾನ ಕೆಲಸ ಮಾಡಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕೂಡ ಪ್ರಯೋಗಗಳಲ್ಲಿ ಕಂಡದ್ದು ಇದನ್ನೇ: ಎದುರುಬದುರು ಕೂತು ಮಾತಾಡಲು ಬಿಟ್ಟರೆ ಸಾಕು, ಜನರ ಸಹಕಾರ ಏರುತ್ತದೆ.

ಆದರೆ ಮಣೆಯಲ್ಲಿ ಮನೆಯೇ ಇಲ್ಲದವರ ಗತಿ? ಈ ಸೀಮೆಯಲ್ಲಿ ಅದು ತಾತ್ವಿಕ ಪ್ರಶ್ನೆಯಲ್ಲ. ಕಬಿನಿ ಕಟ್ಟೆ ಎದ್ದಾಗ ಎಚ್.ಡಿ. ಕೋಟೆಯ ಹಲವು ಊರು ಮುಳುಗಿದವು. ನಾಗರಹೊಳೆಯ ಕಾಡಿನಿಂದ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳು ಹೊರಬಿದ್ದವು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ತನ್ನ ವರದಿಯಲ್ಲಿ ಹೀಗೆ ಕಾಡಿನ ನೆಲೆ ತಪ್ಪಿದ 3,418 ಕುಟುಂಬಗಳನ್ನು ಗುರುತಿಸಿತು. ಸರ್ಕಾರಿ ನಕ್ಷೆಯಲ್ಲಿ ಆ ಜಾಗ ಬರಿಯ ಹಸಿರು ಬಣ್ಣ. ಹುಲಿಗೆ ಅಲ್ಲಿ ಮನೆಯಿದೆ. ಆಡು-ಹುಲಿ ಆಟವನ್ನು ಕಲ್ಲಿನ ಮೇಲೆ ಕೊರೆದವರೂ ಈ ತಿರುವನ್ನು ನಿರೀಕ್ಷಿಸಿರಲಿಕ್ಕಿಲ್ಲ. ಇಂಥವರಿಗೆ ಸ್ವಂತ ನಕ್ಷೆ ಎಂಬುದು ಕಾನೂನಿನ ಅಸ್ತ್ರ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕಿನ ಅರ್ಜಿ ಹೊರಡುವುದು ಗ್ರಾಮಸಭೆಯಿಂದ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನೊಂದಿಗೆ ತಮ್ಮ ದೇವರ ತಾಣ, ಸಮಾಧಿ, ತೊರೆಗಳನ್ನೆಲ್ಲ ಕಾಡಿನ ನಕ್ಷೆಯ ಮೇಲೆ ಗುರುತಿಸಿದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಖಾಲಿ ಎಂದು ತೋರಿಸಲಾಗಿದ್ದ ಕಾಡು ಹೆಸರುಗಳಿಂದ ತುಂಬಿಹೋಗಿತ್ತು ಎಂಬುದಕ್ಕೆ ಆ ನಕ್ಷೆಗಿಂತ ದೊಡ್ಡ ಸಾಕ್ಷಿ ಬೇಡ.

ಇಷ್ಟು ಕಸುವುಳ್ಳ ಕ್ರಮ ಸಪ್ಪೆಯಾದದ್ದು ಅದು ಗೆದ್ದ ಮೇಲೆ. 2015ರಿಂದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ದೇಶದಾದ್ಯಂತ ಬಂತು. ನಮ್ಮಲ್ಲಿ ಅದಕ್ಕೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಒಳ್ಳೆಯ ಹೆಸರೇ ಇದೆ. ಸಾಮಾಜಿಕ ನಕ್ಷೆ, ಸಂಪನ್ಮೂಲ ನಕ್ಷೆ ಎರಡೂ ಮಾರ್ಗಸೂಚಿಯೊಳಗೆ ಬಂದವು. ಬಂದ ದಿನವೇ ಅವು ನಮೂನೆಗಳಾದವು. ಯೋಜನೆ ಇಷ್ಟನೇ ತಾರೀಖಿನೊಳಗೆ ಪೋರ್ಟಲ್‌ಗೆ ಏರಬೇಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಹತ್ತು ಹಳ್ಳಿ, ನೂರು ಕೆಲಸ. ರಂಗೋಲಿಯ ಊರಿನ ಫೋಟೊ ಇರಬೇಕು ಎಂದಾದಾಗ ಫೋಟೊಗಾಗಿ ರಂಗೋಲಿ ಬೀಳುತ್ತದೆ. ಇದು ಯಾವ ಅಧಿಕಾರಿಯ ದುರುದ್ದೇಶವೂ ಅಲ್ಲ. ಹೊತ್ತಿಲ್ಲದ ಆಟ ಆಟವಲ್ಲ, ಅಷ್ಟೆ. ಬೀಜಗಳ ಸಂಖ್ಯೆ ಮೊದಲೇ ಗೊತ್ತಿಲ್ಲದಿರುವುದು, ಅಂದರೆ ಪಂಚಾಯಿತಿಗೆ ಈ ವರ್ಷ ನಿಜವಾಗಿ ಬರುವ, ಊರೇ ತೀರ್ಮಾನಿಸಬಹುದಾದ ಹಣ ಎಷ್ಟು ಎಂದು ಕಟ್ಟೆಯ ಮುಂದೆ ಕೂತವರಿಗೆ ತಿಳಿಯದಿರುವುದು, ಇನ್ನೊಂದು ಕಾರಣ. ಎಣಿಕೆ ಇಲ್ಲದ ಬೀಜ ಹಂಚಿದರೆ ಕನಸಿನ ಊರಿನ ಚಿತ್ರವೇ ಮತ್ತೆ ಬರುತ್ತದೆ: ಬೇಡಿಕೆಗಳ ಉದ್ದನೆಯ ಪಟ್ಟಿ, ಕೆಳಗೆ ಸಹಿ.

ಬೆಟ್ಟದಪುರದ ಸುತ್ತ ಇವತ್ತು ಇಂಥ ಆಟ ಹೂಡುವುದಾದರೆ ಮಣೆ ತಯಾರೇ ಇದೆ, ಹೊಗೆಸೊಪ್ಪಿನದು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ಸೀಮೆ. ತಂಬಾಕು ಮಂಡಳಿ ಎಲೆ ಹದಮಾಡುವ ಪ್ರತಿ ಬ್ಯಾರನ್‌ಗೆ ಇಷ್ಟು ಕೆ.ಜಿ. ಎಂದು ಮಿತಿ ಹಾಕುತ್ತದೆ, ಹರಾಜು ಕಟ್ಟೆಯಲ್ಲಿ ಬೆಲೆ ಕಂಪನಿಗಳ ಕೂಗಿಗೆ ಬಿಟ್ಟದ್ದು, ಒಂದು ಕೆ.ಜಿ. ಎಲೆ ಹದಗೊಳ್ಳಲು ಹಲವು ಕೆ.ಜಿ. ಸೌದೆ ಉರಿಯುತ್ತದೆ. 2004ರಲ್ಲಿ ಭಾರತ ಅಂಗೀಕರಿಸಿದ ತಂಬಾಕು ನಿಯಂತ್ರಣ ಒಪ್ಪಂದ ಬದಲಿ ಬೆಳೆಯ ಮಾತಾಡುತ್ತದೆ, ಆದರೆ ರಾಗಿಗೂ ಜೋಳಕ್ಕೂ ಹೊಗೆಸೊಪ್ಪಿನಷ್ಟು ಕೈಗೆ ಕಾಸು ಬರುವುದಿಲ್ಲ. ಶುಂಠಿಯ ಬೆಲೆ ಒಂದು ವರ್ಷ ಆಕಾಶ, ಇನ್ನೊಂದು ವರ್ಷ ನೆಲ. ಈ ಬಗ್ಗೆ ದೆಹಲಿಯಲ್ಲಿ, ಗುಂಟೂರಿನಲ್ಲಿ, ಜಿನೀವಾದಲ್ಲಿ ನಕ್ಷೆಗಳಿವೆ. ಐದು ಜನರನ್ನು ಕೂರಿಸಿ: ಎರಡು ಬ್ಯಾರನ್ ಇರುವವರು, ಲೈಸೆನ್ಸ್ ಇಲ್ಲದೆ ಬೆಳೆಯುವವರು, ಕೆರೆ ಕೆಳಗೆ ಭತ್ತದ ಗದ್ದೆ ಇರುವವರು, ಸೌದೆ ವ್ಯಾಪಾರಿ, ಹಾಡಿಯಿಂದ ಎಲೆ ಮುರಿಯಲು ಕೂಲಿಗೆ ಬರುವ ಹೆಂಗಸು. ಕೆರೆಯ ನೀರು, ಗುಂಡುತೋಪಿನ ಮರ, ಸಾಲ, ಕೂಲಿ ದಿನಗಳು ನಾಲ್ಕಕ್ಕೂ ಎಣಿಸಿದ ಹುಣಸೆ ಬೀಜ. ಸುತ್ತು ಒಂದಕ್ಕೆ ಒಂದು ಮಳೆಗಾಲ. ಮೂರು ಸುತ್ತಾದ ಮೇಲೆ ಜಾಗ ಅದಲುಬದಲು: ಬ್ಯಾರನ್ ಮಾಲೀಕರು ಎಲೆ ಮುರಿಯುವ ಜಾಗಕ್ಕೆ ಬಂದು, ತಾವೇ ಹಿಂದಿನ ಸುತ್ತಿನಲ್ಲಿ ನಿಗದಿ ಮಾಡಿದ ಕೂಲಿಯ ಬೀಜಗಳಿಂದಲೇ ಮುಂದಿನ ಮಳೆಗಾಲವನ್ನು ದಾಟಬೇಕು. ಕೋಲು ಆ ಸುತ್ತಿನಲ್ಲಿ ಹಾಡಿಯ ಹೆಂಗಸಿನ ಕೈಯಲ್ಲಿ.